ಕಾರವಾರವು ಯಾರ ಊರು?

ಸಿದ್ದಾಪುರ, ಶಿರಸಿ, ಯಲ್ಲಾಪುರಗಳ ಪೇಟೆಗಳಲ್ಲಿ ನಾಲ್ಕು ಜನ ಸುಶಿಕ್ಷಿತರು ಕೂಡಿದಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಬರುತ್ತದೆ. ಕಾರವಾರವು ನಮ್ಮ ಜಿಲ್ಲೆಯ ಮುಖ್ಯ ಸ್ಥಳವೆಂಬದು ಕಾಗದಪತ್ರಗಳಲ್ಲಿ ಮಾತ್ರ. ಊರು ಕೊಂಕಣಿಗರದು, ಪೇಟೆಯು ಗೋವೆಯ ಕಡೆಗೆ ಮುಖ ಮಾಡಿ ನಿಂತದ್ದು. ನಮ್ಮದೆನ್ನುವಂಥದು ಅಲ್ಲಿ ಏನೂ ಇಲ್ಲ. ನೋಡಲಿಕ್ಕೆ ಸಮುದ್ರವೊಂದಿದೆ, ಅದನ್ನು ಒಮ್ಮೆ ನೋಡಿದರೆ ತೀರಿತು, ಎಂಬದೇ ಆ ಮಾತು. ಬಿಳಗಿಯಂಥ ಹಳೆಯ ಅರಸೊತ್ತಿಗೆಯ ಊರಿನಲ್ಲಿಯೂ ಈ ಮಾತನ್ನು ಆಡುವವರಿದ್ದಾರೆ.

ಶಿರಸಿಯನ್ನು ಮುಖ್ಯ ಸ್ಥಳವನ್ನಾಗಿ ಮಾಡಿ ಘಟ್ಟದ ಮೇಲಿನ ತಾಲೂಕುಗಳದೇ ಒಂದು ಬೇರೆ ಜಿಲ್ಲೆಯಾಗಬೇಕೆಂಬ ಬೇಡಿಕೆ ಹಲವು ವರ್ಷಗಳಿಂದ ನಡೆದುಬಂದಿದೆಯಷ್ಟೆ. ಅದರ ಗುಣದೋಷಗಳ ವಿಚಾರವನ್ನು ನಾವು ಇಲ್ಲಿ ಎತ್ತುವದಿಲ್ಲ. ಬಿಳಗಿಯ ರೈತನೊಬ್ಬನು ಜಿಲ್ಲಾಧಿಕಾರಿಗಳ ಕಚೇರಿಯನ್ನು ಕಾಣಬೇಕಾದರೆ ಘಟ್ಟವಿಳಿದು ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ಸವೆಸಬೇಕು. ಆ ಕಷ್ಟವು ನಿಜವಾದದ್ದು, ಅದಕ್ಕೆ ಪರಿಹಾರವನ್ನು ಕೇಳುವ ಹಕ್ಕು ಅವನಿಗಿದೆ. ಆದರೆ ದೂರದ ಕಾರಣವನ್ನು ಹೇಳುತ್ತ ಹೇಳುತ್ತ ಪರಕೀಯತೆಯ ಕಾರಣವನ್ನೂ ಅದರ ಬೆನ್ನಿಗೆ ಕಟ್ಟುವವರಿದ್ದಾರಲ್ಲ, ಅವರೊಡನೆ ನಮ್ಮ ಜಗಳ. ದೂರವಾದದ್ದೆಲ್ಲ ಪರಕೀಯವಲ್ಲ. ಕಾರವಾರವು ನಮ್ಮದಲ್ಲವೆಂದು ಘಟ್ಟದ ಮೇಲಿನ ಕನ್ನಡಿಗನೇ ನುಡಿದರೆ, ಅದನ್ನು ತಮ್ಮದೆಂದು 2004ರಿಂದ ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸುತ್ತಿರುವ ಮಹಾರಾಷ್ಟ್ರದ ಪಕ್ಷಕ್ಕೆ ಇನ್ನಾವ ಸಾಕ್ಷಿ ಬೇಕು?

ಈ ಮಾತನ್ನು ಆಡುವವರು ಕಾರವಾರವನ್ನು ನೋಡಿದವರೇ ಅಹುದೋ ಎಂಬದು ನಮ್ಮ ಮೊದಲನೆಯ ಪ್ರಶ್ನೆ. ಕಚೇರಿಯ ಕೆಲಸಕ್ಕೆಂದು ಹೋದವರು ಸಂಜೆಯ ಬಸ್ಸಿಗೆ ಹಿಂದಿರುಗುತ್ತಾರೆ. ಶಾಲೆಯ ಮಕ್ಕಳ ಪ್ರವಾಸವೆಂದರೆ ತೀರದಲ್ಲಿ ಒಂದು ಗಂಟೆ, ಯುದ್ಧನೌಕೆಯ ಮುಂದೆ ಒಂದು ಛಾಯಾಚಿತ್ರ. ಅಷ್ಟರಲ್ಲಿ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೊತ್ತಾಯಿತೆಂಬ ಗಡಿಬಿಡಿ. ಹೀಗೆ ನೋಡಿದರೆ ಯಾವ ಊರೂ ನಮ್ಮದೆನಿಸಲಾರದು. ಆದುದರಿಂದ ಕಾರವಾರದಲ್ಲಿ ನೋಡತಕ್ಕ ಸ್ಥಳಗಳು ಯಾವವು, ಅವುಗಳಲ್ಲಿ ನಮ್ಮ ಪಾಲು ಎಷ್ಟು ಎಂಬದನ್ನು ವಾಚಕರ ಮುಂದೆ ಒಂದೊಂದಾಗಿ ಇಡುತ್ತೇವೆ. ತೀರ್ಪನ್ನು ಅವರೇ ಕೊಡಲಿ.

ಕಾಳೀ ನದಿಯು ಕಡಲನ್ನು ಕೂಡುವ ಕೋಡಿಬಾಗದಿಂದಲೇ ಹೊರಡುವ. ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರದ ವಿಭಾಗವು ಇದೇ ಕೇರಿಯಲ್ಲಿದೆ. ಧಾರವಾಡದ ವಿದ್ಯಾಪೀಠವು ಕಡಲನ್ನು ಓದಲಿಕ್ಕೆ ಆರಿಸಿಕೊಂಡ ಸ್ಥಳವಿದು. ಇಲ್ಲಿ ನಿಂತು ಉತ್ತರಕ್ಕೆ ನೋಡಿದರೆ ನದಿಯ ಆಚೆಯ ದಡದಲ್ಲಿ ಒಂದು ಗುಡ್ಡ, ಅದರ ಮೇಲೆ ಕೋಟೆಯ ಅವಶೇಷ. ಅದೇ ಸದಾಶಿವಗಡ. ಕಾರವಾರದ ಬೀದಿಯಲ್ಲಿ ಹತ್ತು ಜನರನ್ನು ಕೇಳಿರಿ. ಅನೇಕರು ಅದು ಶಿವಾಜಿಯ ಕೋಟೆಯೆಂದೇ ಹೇಳುವರು. ಶಿವಾಜಿಯು ಈ ಸೀಮೆಗೆ ಬಂದದ್ದು ಸುಳ್ಳಲ್ಲ. 1665ರಲ್ಲಿ ಅವನು ಕಾರವಾರದ ವ್ಯಾಪಾರಿಗಳಿಂದ ಹಣವನ್ನು ವಸೂಲು ಮಾಡಿದನು, 1675ರಲ್ಲಿ ಈ ಪ್ರದೇಶವನ್ನು ಗೆದ್ದುಕೊಂಡನು. ಆದರೆ ಸದಾಶಿವಗಡದ ಹೆಸರೇ ತನ್ನ ಒಡೆಯನಾರೆಂಬದನ್ನು ಹೇಳುತ್ತದೆ. ಸೋದೆಯ ಅರಸನಾದ ಬಸವಲಿಂಗರಾಜನು 18ನೆಯ ಶತಮಾನದ ಮೊದಲ ಭಾಗದಲ್ಲಿ ಇದನ್ನು ಕಟ್ಟಿಸಿ ತನ್ನ ತಂದೆಯ ಹೆಸರನ್ನು ಇಟ್ಟನು. ಸೋದೆಯೆಂದರೆ ಎಲ್ಲಿಯದು? ಶಿರಸಿಯ ತಾಲೂಕಿನದು, ವಾದಿರಾಜಮಠದ ಸೋದೆ, ಸ್ವರ್ಣವಲ್ಲಿಯ ನೆರೆಯ ಸೋದೆ. ಘಟ್ಟದ ಮೇಲಿನ ಅಡಕೆ ಮೆಣಸುಗಳ ತೋಟದ ಸೀಮೆಯನ್ನು ಆಳಿದ ಅರಸನು ಕಾಳಿಯ ಬಾಯಲ್ಲಿ ಕೋಟೆಯನ್ನು ಕಟ್ಟಿಸಿದನೆಂದರೆ, ಕಡಲು ತನ್ನ ಮನೆಯ ಹೆಬ್ಬಾಗಿಲೆಂಬದನ್ನು ಅವನು ಬಲ್ಲವನಾಗಿದ್ದನು. ಅವನು ಬಲ್ಲದ್ದನ್ನು ಇಂದಿನ ಶಿರಸಿಯ ವಿದ್ಯಾವಂತನು ಮರೆತಿದ್ದಾನೆ.

ಈ ಕೋಟೆಯನ್ನು 1752ರಲ್ಲಿ ಪೋರ್ಚುಗೀಜರು ಹಿಡಿದರು. ಹೈದರನು 1763ರಲ್ಲಿ ಬಿದನೂರನ್ನು ಗೆದ್ದ ಬಳಿಕ ಸೋದೆ, ಬಿಳಗಿ ಎರಡೂ ಸಂಸ್ಥಾನಗಳು ಮುಳುಗಿದವು; ಸೋದೆಯ ಅರಸನು ಗೋವೆಯನ್ನು ಸೇರಿ ಪೋರ್ಚುಗೀಜರ ಆಶ್ರಯದಲ್ಲಿ ಉಳಿದನು. ಕೋಟೆಯ ಗುಡ್ಡದಲ್ಲಿ ದುರ್ಗೆಯ ಗುಡಿಯಿದೆ, ಸಮೀಪದಲ್ಲಿಯೇ ಶಾಹ ಕರೀಮುದ್ದೀನರ ದರ್ಗೆಯಿದೆ. ಎರಡಕ್ಕೂ ಜನರು ಹೋಗುತ್ತಾರೆ. ಇಷ್ಟು ಇತಿಹಾಸವನ್ನು ಹೊತ್ತ ಗುಡ್ಡದ ಬುಡದಲ್ಲಿ ಹೆದ್ದಾರಿಯೊಂದು ಓಡುತ್ತದೆ. ದಿನಕ್ಕೆ ಸಾವಿರಾರು ಜನರು ಗೋವೆಗೆ ಹೋಗುತ್ತ ಬರುತ್ತ ಅದನ್ನು ದಾಟುತ್ತಾರೆ. ಅವರಲ್ಲಿ ಸೋದೆಯ ಹೆಸರನ್ನು ನೆನೆಯುವವರು ಎಷ್ಟು ಜನ?

ಹೆದ್ದಾರಿಯ ಮಾತು ಬಂದದ್ದರಿಂದ ಸೇತುವೆಯನ್ನೂ ನೋಡಿ ಮುಂದೆ ಹೋಗುವ. ನಾಲ್ಕು ದಶಕ ದುಡಿದ ಕಾಳಿಯ ಹಳೆಯ ಸೇತುವೆಯು 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಕುಸಿದುಬಿದ್ದಿತು; ಮೇಲಿದ್ದ ಲಾರಿಯು ನದಿಗೆ ಉರುಳಿತು; ಚಾಲಕನನ್ನು ಬದುಕಿಸಿ ದಡಕ್ಕೆ ತಂದರು. ಅದಕ್ಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲೆಯ ಶಿರೂರಿನಲ್ಲಿ ಗುಡ್ಡವು ಜರಿದು ಹೆದ್ದಾರಿಯನ್ನೂ ಜನರನ್ನೂ ಗಂಗಾವಳಿಗೆ ನೂಕಿತ್ತು. ಜಿಲ್ಲೆಯ ಕೇಂದ್ರಕ್ಕೂ ಜಿಲ್ಲೆಗೂ ನಡುವಿನ ನಂಟು ಎಷ್ಟು ಸಪೂರವಾದ ಎಳೆಯ ಮೇಲೆ ನಿಂತಿದೆಯೆಂಬದನ್ನು ಆ ಮಳೆಗಾಲವು ತೋರಿಸಿತು. ಈ ಎಳೆಯನ್ನು ಬಲಪಡಿಸಿರೆಂದು ಘಟ್ಟದ ಮೇಲಿನವರು ಒಕ್ಕೊರಲಿಂದ ಕೇಳಬೇಕಾಗಿತ್ತು. ಅದನ್ನು ಬಿಟ್ಟು, ಎಳೆ ಸಪೂರವಾಯಿತು, ಆದುದರಿಂದ ಹರಿದುಬಿಡುವ, ಎನ್ನುವದು ಯಾವ ಜಾಣತನ?

ಕಾಳಿಯ ದಡವನ್ನು ಹಿಡಿದು ಒಳನಾಡಿಗೆ ಸ್ವಲ್ಪ ದೂರ ಹೋದರೆ ಸುಂಕೇರಿ, ಅದರಾಚೆ ಕಡವಾಡ. ಪ್ರವಾಸಿಗರ ಪಟ್ಟಿಗಳಲ್ಲಿ ಕಡವಾಡದ ಹೆಸರು ಅಪರೂಪ. ಆದರೆ ಹಳೆಯ ಕಾರವಾರವೆಂದರೆ ಈ ಕಡೆಯದು. ಇಂಗ್ಲಿಷ್ ವ್ಯಾಪಾರಿಗಳು 1638ರಲ್ಲಿ ಇಲ್ಲಿ ತಮ್ಮ ಕೋಠಿಯನ್ನು ತೆರೆದರು. ಅವರು ಬಂದದ್ದು ಸಮುದ್ರಸ್ನಾನಕ್ಕಲ್ಲ, ಮೆಣಸಿಗೆ. ಆ ಮೆಣಸು ಕಾರವಾರದ ಮರಳಿನಲ್ಲಿ ಬೆಳೆಯಲಿಲ್ಲ. ಸೋದೆಯ ಸೀಮೆಯ ತೋಟಗಳಲ್ಲಿ ಬೆಳೆದು, ಎತ್ತುಗಳ ಬೆನ್ನ ಮೇಲೆ ಘಟ್ಟವಿಳಿದು ಬಂದಿತು. ಹುಬ್ಬಳ್ಳಿಯ ಕಡೆಯ ನೇಕಾರರ ಬಟ್ಟೆಯೂ ಇದೇ ಹಾದಿಯಿಂದ ಇಳಿಯಿತು. ನಮ್ಮ ಬಿಳಗಿಯ ನೆರೆಯ ಗೇರುಸೊಪ್ಪೆಯಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಜರು ಮೆಣಸಿನ ರಾಣಿಯೆಂದು ಕರೆದರು. ಅವಳ ಸಂಪತ್ತೂ ಘಟ್ಟದ ಬೆಳೆ ಕಡಲಿಗೆ ಇಳಿಯುವದರಿಂದಲೇ ಬಂದದ್ದು. ಘಟ್ಟದ ತೋಟವಿಲ್ಲದೆ ಕರಾವಳಿಯ ಬಂದರವಿಲ್ಲ, ಬಂದರವಿಲ್ಲದೆ ತೋಟಕ್ಕೆ ಬೆಲೆಯಿಲ್ಲ. ಇದು ನಮ್ಮ ಸೀಮೆಯ ಅರ್ಥಶಾಸ್ತ್ರ. ಇದನ್ನು ಕಲಿಯಲಿಕ್ಕೆ ದೊಡ್ಡ ಗ್ರಂಥ ಬೇಡ, ಕಡವಾಡದ ದಾರಿಯಲ್ಲಿ ಒಂದು ಮಧ್ಯಾಹ್ನ ನಡೆದರೆ ಸಾಕು.

ಈಗಿನ ಕಾರವಾರದ ಕಚೇರಿಗಳ ಕೇರಿಗೆ ಬರುವ. ಈ ಊರು ಜಿಲ್ಲೆಯ ಕೇಂದ್ರವಾದದ್ದು ಹೇಗೆಂಬದನ್ನು ಪ್ರತಿಯೊಬ್ಬ ಶಿಕ್ಷಕನೂ ಮಕ್ಕಳಿಗೆ ತಿಳಿಸತಕ್ಕದ್ದು. ಕೆನರಾ ಜಿಲ್ಲೆಯು ಒಂದಾಗಿ ಮದ್ರಾಸಿನ ಆಡಳಿತದಲ್ಲಿತ್ತು. ಅದನ್ನು ಮೊದಲು ಎರಡಾಗಿ ಸೀಳಿ, 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಇಲಾಖೆಗೆ ಸೇರಿಸಿದರು. ಯಾತಕ್ಕೆ? ಆಗ ಅಮೆರಿಕೆಯಲ್ಲಿ ಅಂತಃಕಲಹ. ಇಂಗ್ಲಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿಯು ಬಾರದಾಯಿತು. ಧಾರವಾಡದ ಹತ್ತಿಯನ್ನು ಸಾಗಿಸಲಿಕ್ಕೆ ಒಂದು ಬಂದರವು ಬೇಕಾಯಿತು. ಕಾರವಾರವನ್ನು ಆರಿಸಿದರು, ಅರಬೈಲು ಘಟ್ಟದ ದಾರಿಯಿಂದ ಹತ್ತಿಯ ಗಾಡಿಗಳನ್ನು ಇಳಿಸಿದರು, ಹೊನ್ನಾವರದಲ್ಲಿದ್ದ ಕೇಂದ್ರವನ್ನು ಇಲ್ಲಿಗೆ ತಂದರು. ಒಂದೇ ಕರಾವಳಿಯ ಕನ್ನಡ ಜನರನ್ನು ಎರಡು ಇಲಾಖೆಗಳಿಗೆ ಹಂಚುವಾಗ ಆ ಜನರ ಮಾತನ್ನು ಯಾರೂ ಕೇಳಲಿಲ್ಲ. ಹತ್ತಿಯ ಅಂಡಿಗೆಗಳ ಅನುಕೂಲವನ್ನು ಮಾತ್ರ ನೋಡಿದರು. ಮಂಗಳೂರು ಮದ್ರಾಸಿಗೆ, ಕಾರವಾರ ಮುಂಬಯಿಗೆ, ಸಾಗರ ಮೈಸೂರಿಗೆ. ಬಿಳಗಿಯಿಂದ ಸಾಗರಕ್ಕೆ ಹೋಗುವದೆಂದರೆ ಬೇರೆ ರಾಜ್ಯಕ್ಕೆ ಹೋದಂತೆ. ಈ ಸ್ಥಿತಿಯು 94 ವರ್ಷ ನಡೆದು 1956ರ ನವೆಂಬರ 1ರಂದು ಮುಗಿಯಿತು. ಪರರು ಎಳೆದ ಗೆರೆಯನ್ನು ಅಳಿಸಲಿಕ್ಕೆ ಅಷ್ಟು ಜನರು ಅಷ್ಟು ಕಾಲ ಹೆಣಗಿದ ಮೇಲೆ, ನಮ್ಮ ಮನಸ್ಸಿನಲ್ಲಿ ನಾವೇ ಒಂದು ಹೊಸ ಗೆರೆಯನ್ನು ಘಟ್ಟದ ಮೇಲೆ ಎಳೆದುಕೊಳ್ಳುವದು ಎಂಥ ವಿಪರೀತ!

ಇನ್ನು ಕಡಲತೀರ. ಇದಕ್ಕೆ ರವೀಂದ್ರನಾಥ ಠಾಕೂರರ ಹೆಸರನ್ನು ಇಟ್ಟಿದ್ದಾರೆ. ಅವರ ಅಣ್ಣ ಸತ್ಯೇಂದ್ರನಾಥರು ಸಿವಿಲ್ ಸರ್ವಿಸನ್ನು ಸೇರಿದ ಮೊದಲನೆಯ ಭಾರತೀಯರು. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ 22 ವಯಸ್ಸಿನ ರವೀಂದ್ರರು ಅಣ್ಣನ ಮನೆಗೆ ಬಂದು ಉಳಿದರು, ‘ಪ್ರಕೃತಿಯ ಪ್ರತಿಶೋಧ’ವೆಂಬ ನಾಟಕವನ್ನು ಇಲ್ಲಿ ಬರೆದರು, ಮುಂದೆ ತಮ್ಮ ಜೀವನಸ್ಮೃತಿಯಲ್ಲಿ ಈ ಊರನ್ನು ಪ್ರೀತಿಯಿಂದ ನೆನೆದರು. ಬೆಳದಿಂಗಳಲ್ಲಿ ದೋಣಿಯನ್ನು ಹತ್ತಿ ಕಾಳಿಯ ಮೇಲ್ಗಡೆಗೆ ಹೋದದ್ದನ್ನೂ ಅವರು ವರ್ಣಿಸಿದ್ದಾರೆ. ದಾರಿಯಲ್ಲಿ ಇಳಿದ ಗುಡ್ಡದ ಕೋಟೆಯನ್ನು ಶಿವಾಜಿಯದೆಂದು ಬರೆದಿದ್ದಾರೆ. ವಂಗದ ತರುಣನು ತನಗೆ ಹೇಳಿದ್ದನ್ನು ಬರೆದನು. ಅದು ಅವನ ತಪ್ಪಲ್ಲ. ಆದರೆ ಇಷ್ಟು ವರ್ಷಗಳ ಮೇಲೂ ಬಂದವರಿಗೆ ಸೋದೆಯ ಕಥೆಯನ್ನು ಹೇಳುವವರು ನಮ್ಮಲ್ಲಿ ಹುಟ್ಟಲಿಲ್ಲವಾದರೆ, ಅದು ಯಾರ ತಪ್ಪು?

ತೀರದಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ದ್ವೀಪಗಳು ಕಾಣುವವು. ಕೂರ್ಮಗಡದಲ್ಲಿ ನರಸಿಂಹನ ಗುಡಿ, ದೇವಗಡದಲ್ಲಿ ದೀಪಸ್ತಂಭ. ದಕ್ಷಿಣಕ್ಕೆ ಬಿಣಗೆಯ ಸಮೀಪದಲ್ಲಿ ಅಂಜದೀವ. ನಮ್ಮ ತೀರಕ್ಕೆ ಇಷ್ಟು ಹತ್ತಿರವಿದ್ದರೂ ಪೋರ್ಚುಗೀಜರ ಕೈಯಲ್ಲಿದ್ದು, 1961ರ ಡಿಸೆಂಬರದಲ್ಲಿ ನಮ್ಮ ನಾವಿಕರ ರಕ್ತವನ್ನು ಸುರಿಸಿ ಬಿಡುಗಡೆಗೊಂಡದ್ದು. ಆಡಳಿತದಲ್ಲಿ ಇಂದಿಗೂ ಗೋವೆಗೆ ಸೇರಿದ್ದು. ಚಪಲವೆಂಬ ಯುದ್ಧನೌಕೆಯು ಈಗ ತೀರದಲ್ಲಿ ವಸ್ತುಸಂಗ್ರಹಾಲಯವಾಗಿದೆ. ಮಕ್ಕಳು ಅದನ್ನು ನೋಡಲಿ. ಆದರೆ ಅಲ್ಲಿಯೇ ಇರುವ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆಯನ್ನು ನೋಡದೆ ಬರಬಾರದು. 1918ರಲ್ಲಿ ಹುಟ್ಟಿದ ಈ ವೀರರು ಇದೇ ತಾಲೂಕಿನ ಚೆಂಡಿಯೆಯವರು. 1948ರ ಏಪ್ರಿಲದಲ್ಲಿ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ, ತಾವೇ ಗಾಯಗೊಂಡಿದ್ದರೂ, ಗುಂಡಿನ ಮಳೆಯಲ್ಲಿ ನೆಲಬಾಂಬುಗಳನ್ನು ತೆಗೆದು ಟ್ಯಾಂಕುಗಳಿಗೆ ಹಾದಿಯನ್ನು ಮಾಡಿಕೊಟ್ಟರು. ಪರಮವೀರ ಚಕ್ರವನ್ನು ಬದುಕಿರುವಾಗಲೇ ಪಡೆದವರಲ್ಲಿ ಮೊದಲಿಗರು ಅವರು. ಇಂಥವರನ್ನು ಹೆತ್ತ ತಾಲೂಕನ್ನು ಪರರದೆಂದು ಕರೆಯುವ ನಾಲಗೆಗೆ ಏನೆನ್ನಬೇಕು?

ಈಗ ಕೊಂಕಣಿಯ ಪ್ರಶ್ನೆ. ಬೈತಖೋಲದ ಮೀನುಗಾರರ ಕೇರಿಯಲ್ಲಿ, ಕಾಜುಬಾಗದ ಮನೆಗಳಲ್ಲಿ, ಮೀನುಪೇಟೆಯಲ್ಲಿ ಕಿವಿಗೆ ಮೊದಲು ಬೀಳುವದು ಕೊಂಕಣಿ. ನಾವು ಇದನ್ನು ಅಲ್ಲಗಳೆಯುವದಿಲ್ಲ. ಹಾಗಾದರೆ ಊರು ಕನ್ನಡದ್ದಲ್ಲವೆ? ಮಹಾರಾಷ್ಟ್ರದ ವಾದವು ನಿಂತಿದ್ದದ್ದು ಕೊಂಕಣಿಯು ಮರಾಠಿಯ ಒಂದು ಉಪಭಾಷೆಯೆಂಬ ಊರುಗೋಲಿನ ಮೇಲೆ. 1967ರ ಮಹಾಜನ ಆಯೋಗದ ವರದಿಯು ಕಾರವಾರವನ್ನು ಕರ್ನಾಟಕದಲ್ಲಿಯೇ ಉಳಿಸಿತು. ಸಾಹಿತ್ಯ ಅಕಾಡೆಮಿಯು 1975ರಲ್ಲಿ ಕೊಂಕಣಿಯನ್ನು ಸ್ವತಂತ್ರ ಭಾಷೆಯೆಂದು ಮನ್ನಿಸಿತು. 1992ರಲ್ಲಿ ಅದು ಸಂವಿಧಾನದ ಎಂಟನೆಯ ಪರಿಚ್ಛೇದವನ್ನು ಸೇರಿತು. ಊರುಗೋಲು ಮುರಿದಿದೆ. ಇಷ್ಟಾದ ಮೇಲೆ ಕೊಂಕಣಿಯನ್ನು ಕನ್ನಡದ ವೈರಿಯೆಂದು ಬಗೆಯುವದು ಮುರಿದ ಕೋಲನ್ನು ನಾವೇ ಕಟ್ಟಿ ಎದುರಾಳಿಯ ಕೈಗೆ ಕೊಟ್ಟಂತೆ.

ಈ ಜಿಲ್ಲೆಯ ಕೊಂಕಣಿಗರು ಕನ್ನಡಕ್ಕೆ ಮಾಡಿದ್ದನ್ನು ನೋಡಿರಿ. ಗೋಕರ್ಣದ ಗೌರೀಶ ಕಾಯ್ಕಿಣಿಯವರು, ಹನೇಹಳ್ಳಿಯ ಗಂಗಾಧರ ಚಿತ್ತಾಲರು, ಅವರ ತಮ್ಮ ಯಶವಂತ ಚಿತ್ತಾಲರು: ಇವರ ಮನೆಯ ಮಾತು ಕೊಂಕಣಿ, ಬರೆಹ ಕನ್ನಡ. ಅವರ ಗ್ರಂಥಗಳನ್ನು ಹೊರಗಿಟ್ಟರೆ ಆಧುನಿಕ ಕನ್ನಡ ಸಾಹಿತ್ಯದ ಕಪಾಟಿನಲ್ಲಿ ಎಷ್ಟು ದೊಡ್ಡ ಬರಿದಾದ ಜಾಗ ಉಳಿಯುವದೆಂಬದನ್ನು ಶಿಕ್ಷಕರಿಗೆ ನಾವು ಹೇಳಬೇಕಾಗಿಲ್ಲ. 2022ರಲ್ಲಿ ಕಾರವಾರದ ನಾಮಫಲಕಗಳಲ್ಲಿ ಕನ್ನಡದ ಜತೆಗೆ ದೇವನಾಗರಿಯಲ್ಲಿ ಕೊಂಕಣಿಯನ್ನು ಬರೆಯಬೇಕೋ ಬೇಡವೋ ಎಂದು ದೊಡ್ಡ ಜಗಳವಾಯಿತು. ಫಲಕಗಳಿಗೆ ಮಸಿಯೂ ಬಿದ್ದಿತು. ಕನ್ನಡವು ಮೊದಲ ಸ್ಥಾನದಲ್ಲಿ ಇರತಕ್ಕದ್ದೆಂಬದರಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಬೀದಿಯ ಹೆಸರಿನ ಲಿಪಿಗಾಗಿ ಇಷ್ಟು ಹೊಡೆದಾಡುವ ಉತ್ಸಾಹದಲ್ಲಿ ಹತ್ತನೆಯ ಒಂದು ಪಾಲನ್ನಾದರೂ ಸದಾಶಿವಗಡದ ಕಥೆಯನ್ನು ಕನ್ನಡದಲ್ಲಿ ಸಾರಲು ವೆಚ್ಚ ಮಾಡಿದ್ದರೆ ಕನ್ನಡಕ್ಕೆ ಹೆಚ್ಚು ಬಲ ಬರುತ್ತಿತ್ತು. ಮಸಿಯಿಂದ ಒಂದು ಅಕ್ಷರ ಅಳಿದೀತು. ಒಂದು ನಂಟು ಹುಟ್ಟಲಾರದು.

ಕಡೆಗೆ ಬೈತಖೋಲ, ಬಿಣಗೆ, ಅರಗಾ. ಬೈತಖೋಲವು ಬಂದರದ ಕೇರಿ. ಇಲ್ಲಿಯ ಮೀನುಗಾರರು ಬಂದರದ ವಿಸ್ತರಣದಿಂದ ಠಾಕೂರ ತೀರವು ಕಿರಿದಾಗುವದೆಂದು 2020ರ ಜನವರಿಯಲ್ಲಿ ಬೀದಿಗಿಳಿದರು. ಅದರಾಚೆಗೆ ನೌಕಾನೆಲೆ. 1986ರಲ್ಲಿ ಅಡಿಗಲ್ಲನ್ನು ಇಟ್ಟ ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲೆಗಳ ತೀರದ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ಮರಳನ್ನು ಬಿಟ್ಟುಕೊಟ್ಟವು. ಪರಿಹಾರದ ವ್ಯಾಜ್ಯಗಳು ವರ್ಷಗಟ್ಟಲೆ ನಡೆದವು. 2005ರ ಮೇ 31ರಂದು ನೆಲೆಯು ಸೇವೆಗೆ ಸೇರಿತು. ಅದಕ್ಕೆ ಇಟ್ಟ ಹೆಸರೇನು? ಕದಂಬ! ಶಿರಸಿ ತಾಲೂಕಿನ ಬನವಾಸಿಯಿಂದ ಆಳಿದ, ಕನ್ನಡ ನಾಡಿನ ಮೊದಲ ಅರಸುಮನೆತನದ ಹೆಸರು. ದಿಲ್ಲಿಯವರಿಗೆ ಕಾಣುವ ಬನವಾಸಿ ಕಾರವಾರಗಳ ನಂಟು ನಮ್ಮ ಪೇಟೆಯ ಗೃಹಸ್ಥರಿಗೆ ಕಾಣಬಾರದೆ? ಹೆಸರು ನಮ್ಮದು, ನೆಲವನ್ನು ಕಳೆದುಕೊಂಡವರು ಅವರು. ಆ ನಿರಾಶ್ರಿತರ ಸಲುವಾಗಿ ಘಟ್ಟದ ಮೇಲೆ ಎಷ್ಟು ಸಭೆಗಳಾದವು? ಬೇಡ್ತಿಯನ್ನು ಉಳಿಸಿರೆಂದು ನಾವು ಕೂಗಿದೆವು. ಆ ಬೇಡ್ತಿಯೇ ಘಟ್ಟವಿಳಿದು ಗಂಗಾವಳಿಯಾಗುವದು. ನದಿಯು ಹೆಸರನ್ನು ಬದಲಿಸಿದರೂ ನೀರನ್ನು ಬದಲಿಸುವದಿಲ್ಲ.

ಈ ಜಿಲ್ಲೆಯು ಒಂದು ಕಾಲಕ್ಕೆ ಒಂದಾಗಿ ನಿಂತದ್ದುಂಟು. 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲತಡಿಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಬಳಿಕ ಕರನಿರಾಕರಣೆಯ ಕಿಚ್ಚು ಕೆಳಗೆ ಅಂಕೋಲೆಯಲ್ಲಿಯೂ ಮೇಲೆ ಸಿದ್ದಾಪುರದಲ್ಲಿಯೂ ಉರಿಯಿತು. ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಸಿದ್ದಾಪುರದ ಹೆಂಗಸರು ಉಪವಾಸ ಕುಳಿತರು. ಮಾವಿನಗುಂಡಿಯ ಸ್ಮಾರಕವು ಅದಕ್ಕೆ ಸಾಕ್ಷಿ. ಅಂದು ಘಟ್ಟವು ಯಾರಿಗೂ ಅಡ್ಡ ಬರಲಿಲ್ಲ. ಕೆಳಗಿನವರ ಭಾಷೆ ಯಾವದೆಂದು ಯಾರೂ ಕೇಳಲಿಲ್ಲ.

ಆದುದರಿಂದ ನಾವು ಬಯಸುವದು ಇಷ್ಟು. ಒಂದು: ಸದಾಶಿವಗಡದ ಬುಡದಲ್ಲಿ, ಹೆದ್ದಾರಿಯಲ್ಲಿ ಹೋಗುವವರಿಗೆ ಕಾಣುವಂತೆ, ಸೋದೆಯ ಅರಸನ ಹೆಸರನ್ನೂ ಕೋಟೆಯ ಕಥೆಯನ್ನೂ ಹೇಳುವ ಒಂದು ಕಲ್ಲನ್ನು ಕನ್ನಡದಲ್ಲಿ ನಿಲ್ಲಿಸಬೇಕು, ಅದರ ಕೆಳಗೆ ಕೊಂಕಣಿಯಲ್ಲಿಯೂ ಬರೆದರೆ ನಮ್ಮ ಅಡ್ಡಿಯಿಲ್ಲ. ಎರಡು: ಸಿದ್ದಾಪುರ, ಶಿರಸಿ, ಯಲ್ಲಾಪುರಗಳ ಶಾಲೆಗಳು ಕಾರವಾರದ ಪ್ರವಾಸಕ್ಕೆ ಎರಡು ಪೂರ್ತಿ ದಿನಗಳನ್ನು ಕೊಡಬೇಕು, ಕೋಡಿಬಾಗ, ಸದಾಶಿವಗಡ, ಕಡವಾಡ, ರಾಣೆಯವರ ಪ್ರತಿಮೆ, ಬೈತಖೋಲ ಇವು ತಪ್ಪಬಾರದು, ಮಕ್ಕಳು ಮೀನುಗಾರರ ಮಕ್ಕಳೊಡನೆ ಒಂದು ಸಂಜೆ ಕಳೆಯಬೇಕು. ಮೂರು: ಕಾರವಾರದ ಶಾಲೆಗಳೂ ಘಟ್ಟವನ್ನು ಹತ್ತಿ ಬರಬೇಕು. ಬನವಾಸಿ, ಸೋದೆಗಳ ಜತೆಗೆ ನಮ್ಮ ಬಿಳಗಿಯ ರತ್ನತ್ರಯ ಬಸದಿಯನ್ನೂ ಗೋಲಬಾವಿಯನ್ನೂ ನೋಡಬೇಕು. ಊಟದ ಏರ್ಪಾಡು ಬಿಳಗಿಯವರ ಪಾಲಿಗಿರಲಿ. ಅಡಕೆಯ ಸೀಮೆಯಲ್ಲಿ ಅತಿಥಿಗಳಿಗೆ ಕೊರತೆಯಾದ ಸುದ್ದಿಯನ್ನು ಇನ್ನೂ ಯಾರೂ ಹೇಳಿಲ್ಲ.

ನಾಳೆ ಜಿಲ್ಲೆಯು ಒಂದಾಗಿಯೇ ಉಳಿದೀತು, ಎರಡಾದೀತು. ಅದು ಆಡಳಿತದ ಮಾತು. ಏಕೀಕರಣವೆಂಬದು ಆಡಳಿತದ ಮಾತಷ್ಟೇ ಆಗಿದ್ದರೆ 1956ರಲ್ಲಿಯೇ ಮುಗಿದುಹೋಗುತ್ತಿತ್ತು. ಕನ್ನಡಿಗನು ತನ್ನ ನಾಡಿನ ಊರನ್ನು ಕಂಡು, ಅದರ ಕಥೆಯನ್ನು ಬಲ್ಲವನಾಗಿ, ಅಲ್ಲಿಯವರನ್ನು ತನ್ನವರೆಂದು ಒಪ್ಪುವವರೆಗೆ ಅದು ಅರ್ಧ ಕೆಲಸ. ಉಳಿದ ಅರ್ಧವನ್ನು ಸರಕಾರವು ಮಾಡಲಾರದು, ಶಿಕ್ಷಕರು ಮಾಡಬಲ್ಲರು. ಮಳೆಗಾಲ ಮುಗಿದೊಡನೆ ಶಾಲೆಗಳ ಪ್ರವಾಸದ ಕಾಲವು ಬರುತ್ತದೆ. ಈ ಸಾರೆ ಯಾವ ಯಾವ ಶಾಲೆಗಳು ಕಡವಾಡದ ದಾರಿಯನ್ನು ಹಿಡಿಯುವವೆಂಬದನ್ನು ನಾವು ಎದುರು ನೋಡುತ್ತೇವೆ.